ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು



ಕಳೆದ ಮಳೆಗಾಲದ ಒಂದು ಸಂಜೆ. ಮಗ್ರಿಬ್ ಆಗಿ ಸ್ವಲ್ಪ ಹೊತ್ತಾಗಿತ್ತು. ಕೋಗಿಲಬನದಿಂದ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬನ ಫೋನ್ ಬಂತು. ಪಿಯುಸಿ ಮುಗಿಸಿ ಬಿಸಿಎ ಸೇರಿದ ಹುಡುಗ. ರಜೆಯಲ್ಲಿ ಇಲ್ಲಿಯೇ ರಿಸಾರ್ಟ್ ಒಂದರಲ್ಲಿ ದುಡಿದು, ಮನೆಯವರಿಂದಲೂ ಸ್ವಲ್ಪ ಸೇರಿಸಿಕೊಂಡು, ಹುಬ್ಬಳ್ಳಿಗೆ ಹೋಗಿ ಬಿಡಿಭಾಗಗಳನ್ನು ತಂದು ಮನೆಯಲ್ಲೇ ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿದ್ದ.

"ಸರ, ಎಲ್ಲಾ ಜೋಡಿಸೇನ್ರಿ. ಫ್ಯಾನ್ ತಿರಗಾಕತ್ತಾವು, ಖರೆ ಡಿಸ್‌ಪ್ಲೇ ಬರವಲ್ದು."

ಆಗ ನಾನು ಕೇಳಬೇಕಾದ ಪ್ರಶ್ನೆಗಳು ನಾಲ್ಕೈದು ಇದ್ದವು. ಒಂದನ್ನೂ ಕೇಳಲಿಲ್ಲ. "ರ‍್ಯಾಮ್ ತೆಗೆದು ಮತ್ತೆ ಹಾಕು" ಎಂದೆ. ಹತ್ತು ನಿಮಿಷದ ನಂತರ ಮತ್ತೆ ಫೋನ್. ಪರದೆ ಹಾಗೇ ಇತ್ತು. "ಹಾಗಾದರೆ ಪ್ರೊಸೆಸರ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಕೂರಿಸಿ ನೋಡು" ಎಂದೆ. ಅವನು ನೋಡಿದ. ಕೂಲರ್ ಬಿಚ್ಚಿ, ಪ್ರೊಸೆಸರ್ ಎತ್ತಿ, ಮತ್ತೆ ಇಡುವಾಗ ಅದು ಬೆರಳಿನಿಂದ ಜಾರಿ ಸಾಕೆಟ್ಟಿನ ಮೇಲೆ ಮೂಲೆ ಊರಿ ಬಿತ್ತು. ಕೂದಲಿನಷ್ಟು ತೆಳ್ಳಗಿನ ಪಿನ್ನುಗಳಲ್ಲಿ ಕೆಲವು ಬಾಗಿದವು.

ಮರುದಿನ ಪೆಟ್ಟಿಗೆಗಳ ಸಮೇತ ಎಲ್ಲವನ್ನೂ ಲ್ಯಾಬಿಗೆ ತಂದ. ಪ್ರೊಸೆಸರಿನ ಪೆಟ್ಟಿಗೆ ಕೈಗೆತ್ತಿಕೊಂಡ ಕೂಡಲೇ ನನಗೆ ವಿಷಯ ತಿಳಿಯಿತು. ಕೋರ್ ಐ3, ಸಂಖ್ಯೆ 12100, ಅದರ ಪಕ್ಕದಲ್ಲಿ 'ಎಫ್' ಎಂಬ ಒಂದು ಅಕ್ಷರ. ಇಂಟೆಲ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಮದರ್‌ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದರೂ ಅದಕ್ಕೆ ಚಿತ್ರ ಕಳಿಸುವವರೇ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅವನು ಸ್ವಲ್ಪ ಅಗ್ಗವೆಂದು ಅದನ್ನು ಕೊಂಡಿದ್ದ. ಕಾರ್ಡನ್ನು ಮುಂದೆ ಹಣ ಕೂಡಿದಾಗ ಕೊಂಡರಾಯಿತು ಎಂದುಕೊಂಡಿದ್ದ. ಅಂದರೆ ಹಿಂದಿನ ಸಂಜೆ ಅವನು ಫೋನ್ ಮಾಡಿದಾಗ ಕಂಪ್ಯೂಟರಿನಲ್ಲಿ ಕೆಟ್ಟ ಭಾಗ ಒಂದೂ ಇರಲಿಲ್ಲ. ಕೆಡಿಸಿದ್ದು ನನ್ನ ಸಲಹೆ.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಮುಂದೆ ಸ್ವಂತ ಕಂಪ್ಯೂಟರ್ ಜೋಡಿಸುವವರಿದ್ದೀರಿ. ಅಂದು ನಾನು ಕೇಳಬೇಕಾಗಿದ್ದುದು ಏನು, ಯಾವ ಕ್ರಮದಲ್ಲಿ ಎಂಬುದೇ ಈ ಪಾಠ.

ಲವಣ ವಿಶ್ಲೇಷಣೆಯ ಹಾಗೆ

ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಸಾಲ್ಟ್ ಅನಾಲಿಸಿಸ್ ಮಾಡುತ್ತೀರಿ. ಕೊಟ್ಟ ಪುಡಿಯನ್ನು ಮೊದಲ ಕ್ಷಣದಲ್ಲೇ ಆಸಿಡ್‌ಗೆ ಸುರಿಯುವುದಿಲ್ಲ. ಬಣ್ಣ ನೋಡುತ್ತೀರಿ, ವಾಸನೆ ನೋಡುತ್ತೀರಿ, ಬಿಸಿ ಮಾಡಿ ನೋಡುತ್ತೀರಿ. ನಂತರ ಗುಂಪುಗಳ ಪರೀಕ್ಷೆ, ಅದೂ ಕ್ರಮವಾಗಿ. ಎರಡನೇ ಗುಂಪು ಬಿಟ್ಟು ನಾಲ್ಕಕ್ಕೆ ಹಾರಿದರೆ ಸಿಗುವ ಉತ್ತರಕ್ಕೆ ಬೆಲೆಯಿಲ್ಲ. ಕೊನೆಗೆ ದೃಢೀಕರಣ ಪರೀಕ್ಷೆ. ಕಂಪ್ಯೂಟರಿನ ದೋಷ ಹುಡುಕುವುದೂ ಇದೇ ಜಾತಿಯ ಕೆಲಸ. ಏನನ್ನೂ ಬಿಚ್ಚದೆ ಮಾಡುವ ಪರೀಕ್ಷೆಗಳು ಮೊದಲು, ಹಿಂದಕ್ಕೆ ಸರಿಪಡಿಸಲಾಗದ ಕೆಲಸ ಎಲ್ಲಕ್ಕಿಂತ ಕೊನೆಗೆ. ಪ್ರೊಸೆಸರ್ ಎತ್ತುವುದು ಆ ಕೊನೆಯ ಕೆಲಸ. ನಾನು ಅದನ್ನು ಎರಡನೆಯದಾಗಿ ಹೇಳಿದ್ದೆ.

ಇನ್ನೊಂದು ಹೋಲಿಕೆ ನಿಮ್ಮ ಡೇಟಾ ಸ್ಟ್ರಕ್ಚರ್ ಪಾಠದಲ್ಲೇ ಇದೆ: ಬೈನರಿ ಸರ್ಚ್. ಮಧ್ಯದಲ್ಲಿ ಒಂದು ಪ್ರಶ್ನೆ ಕೇಳಿ ಅರ್ಧ ಪಟ್ಟಿಯನ್ನು ತಳ್ಳಿಹಾಕುವುದು. ಆದರೆ ಅದಕ್ಕೊಂದು ಷರತ್ತಿದೆ, ಪರೀಕ್ಷೆಯಲ್ಲಿ ಅರ್ಧ ಅಂಕ ಕಳೆದುಕೊಳ್ಳುವುದು ಅಲ್ಲಿಯೇ: ಪಟ್ಟಿ ಕ್ರಮದಲ್ಲಿರಬೇಕು. ಕಂಪ್ಯೂಟರಿನ ಭಾಗಗಳಿಗೆ ಕ್ರಮ ಎಲ್ಲಿಂದ ಬಂತು? ವಿದ್ಯುತ್ತು ಒಳಗೆ ಹೋಗುವ ದಾರಿಯೇ ಆ ಕ್ರಮ.

ನಮ್ಮ ಕಾಳಿ ನದಿಯನ್ನು ನೆನಪಿಸಿಕೊಳ್ಳಿ. ನೀರು ಸೂಪಾದಲ್ಲಿ ನಿಲ್ಲುತ್ತದೆ, ಮುಂದೆ ಬೊಮ್ಮನಹಳ್ಳಿ ಜಲಾಶಯ, ಅಲ್ಲಿಂದ ನಾಗಝರಿಯ ವಿದ್ಯುದಾಗಾರ. ನಾಗಝರಿಯಲ್ಲಿ ಟರ್ಬೈನ್ ನಿಂತರೆ ಎಂಜಿನಿಯರ್ ಮೊದಲು ಕೇಳುವುದು ನೀರು ಎಲ್ಲಿಯವರೆಗೆ ಬಂದಿದೆ ಎಂದು. ಬೊಮ್ಮನಹಳ್ಳಿಯಲ್ಲಿ ನೀರಿದ್ದರೆ ಸೂಪಾದ ಗೇಟ್ ನೋಡುವ ಅಗತ್ಯವಿಲ್ಲ.

ಬಟನ್ ಒತ್ತಿದಾಗ ಏನಾಗುತ್ತದೆ

ಈ ಭಾಗವನ್ನು ನಿಧಾನವಾಗಿ ಓದಿ. ಇದು ತಿಳಿದರೆ ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ದ್ವಿತೀಯ ಪಿಯುಸಿಯ ಹಳೆಯ ಪಠ್ಯದಲ್ಲಿ ಮೊದಲ ಅಧ್ಯಾಯವೇ ಮದರ್‌ಬೋರ್ಡ್, ಎಸ್‌ಎಂಪಿಎಸ್, ಪೋರ್ಟುಗಳ ಬಗ್ಗೆ ಇತ್ತು. ಹೆಸರುಗಳನ್ನು ಬಾಯಿಪಾಠ ಮಾಡಿಸಿದೆವೇ ಹೊರತು ಅವು ಒಂದಕ್ಕೊಂದು ಹೇಗೆ ಮಾತನಾಡುತ್ತವೆ ಎಂದು ಹೇಳಿದ್ದು ಕಡಿಮೆ.

ಗೋಡೆಯ ಸ್ವಿಚ್ ಹಾಕಿ, ಎಸ್‌ಎಂಪಿಎಸ್ ಹಿಂದಿನ ಸಣ್ಣ ಸ್ವಿಚ್ ಕೂಡ ಹಾಕಿದ ಕೂಡಲೇ, ಕಂಪ್ಯೂಟರ್ ಇನ್ನೂ ಆಫ್ ಇರುವಾಗಲೇ, 5 ವೋಲ್ಟಿನ ಒಂದು ಸ್ಟ್ಯಾಂಡ್‌ಬೈ ಲೈನ್ ಜೀವ ತಾಳುತ್ತದೆ. ಹಳೆಯ ಬಣ್ಣದ ಕೇಬಲ್ಲುಗಳಲ್ಲಿ ಅದು ನೇರಳೆ ತಂತಿ. ಮುಂದಿನ ಪವರ್ ಬಟನ್ ನಮ್ಮ ಮನೆಯ ಲೈಟಿನ ಸ್ವಿಚ್ಚಿನಂಥದ್ದಲ್ಲ. ಅದರ ಮೂಲಕ ಕಂಪ್ಯೂಟರಿಗೆ ಕರೆಂಟು ಹರಿಯುವುದಿಲ್ಲ. ಅದು ಮದರ್‌ಬೋರ್ಡಿಗೆ ಒಂದು ಸೂಚನೆ ಅಷ್ಟೆ. ಸೂಚನೆ ಸಿಕ್ಕ ಮದರ್‌ಬೋರ್ಡ್, 24 ಪಿನ್ನಿನ ದೊಡ್ಡ ಕನೆಕ್ಟರಿನ 16ನೆಯ ಪಿನ್ನನ್ನು (ಹಸಿರು ತಂತಿ) ಗ್ರೌಂಡಿಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ಎದ್ದು 12, 5 ಮತ್ತು 3.3 ವೋಲ್ಟುಗಳನ್ನು ಕೊಡುತ್ತದೆ. ಅವು ಸ್ಥಿರವಾದ ಮೇಲೆ, ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ, ಬೂದು ತಂತಿಯಲ್ಲಿ 'ಪವರ್ ಗುಡ್' ಎಂಬ ಸಂಕೇತ ಬರುತ್ತದೆ. ಆ ಸಂಕೇತ ಬರುವ ತನಕ ಪ್ರೊಸೆಸರ್ ಮೊದಲ ಸೂಚನೆಯನ್ನೂ ಓದುವುದಿಲ್ಲ.

ನಂತರ ಬಯೋಸ್ ತನ್ನ ಪರೀಕ್ಷೆ ಆರಂಭಿಸುತ್ತದೆ. ಇದನ್ನೇ ಪೋಸ್ಟ್ ಎನ್ನುತ್ತಾರೆ, 'ಪವರ್ ಆನ್ ಸೆಲ್ಫ್ ಟೆಸ್ಟ್' ಎಂಬುದರ ಮೊದಲಕ್ಷರಗಳು. 1981ರ ಐಬಿಎಂ ಪಿಸಿಯಲ್ಲೂ ಇದು ಇತ್ತು. ಎಲ್ಲ ಸರಿಯಿದ್ದರೆ ಒಂದು ಚಿಕ್ಕ ಬೀಪ್. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಕೊನೆಗೆ ಬೂಟ್ ಡಿಸ್ಕ್, ಸಾಮಾನ್ಯವಾಗಿ ಈ ಕ್ರಮ. ಇತ್ತೀಚಿನ ಹಲವು ಮದರ್‌ಬೋರ್ಡುಗಳ ಅಂಚಿನಲ್ಲಿ ಇದೇ ನಾಲ್ಕು ಹೆಸರಿನ ಪುಟ್ಟ ಎಲ್‌ಇಡಿಗಳಿವೆ. ಯಾವುದು ಹತ್ತಿ ಆರದೆ ನಿಲ್ಲುತ್ತದೋ ಪರೀಕ್ಷೆ ಅಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಅಗ್ಗದ ಬೋರ್ಡುಗಳಲ್ಲಿ ಈ ದೀಪಗಳಿರುವುದಿಲ್ಲ. ಅಂಥದ್ದಕ್ಕೆ ಚಿಲ್ಲರೆ ಹಣಕ್ಕೆ ಸಿಗುವ ಪುಟ್ಟ ಸ್ಪೀಕರ್ ತಂದು ಬೋರ್ಡಿನ ಸ್ಪೀಕರ್ ಪಿನ್ನುಗಳಿಗೆ ಸಿಕ್ಕಿಸಿ. ಬೀಪುಗಳ ಅರ್ಥ ಬೋರ್ಡಿನ ಕೈಪಿಡಿಯಲ್ಲಿರುತ್ತದೆ.

ಈಗ ಮಧ್ಯದ ಪ್ರಶ್ನೆ ಯಾವುದು ಹೇಳಿ? ನನ್ನ ಪ್ರಕಾರ ಕೀಬೋರ್ಡಿನ ನಮ್ ಲಾಕ್ ಕೀ. ಪರದೆ ಕಪ್ಪಾಗಿರುವಾಗ ಒಂದೆರಡು ನಿಮಿಷ ಕಾದು ನಮ್ ಲಾಕ್ ಒತ್ತಿ. ಅದರ ದೀಪ ಒತ್ತಿದಂತೆಲ್ಲ ಹತ್ತಿ ಆರುತ್ತಿದ್ದರೆ ಪ್ರೊಸೆಸರ್ ಕೆಲಸ ಮಾಡುತ್ತಿದೆ, ರ‍್ಯಾಮ್ ಕೂತಿದೆ, ಬಯೋಸ್ ಓಡುತ್ತಿದೆ. ತೊಂದರೆ ಚಿತ್ರದ ದಾರಿಯಲ್ಲಿ ಮಾತ್ರ ಇದೆ. ಒಂದು ಪೈಸೆ ಖರ್ಚಿಲ್ಲದೆ, ಒಂದು ಸ್ಕ್ರೂ ಬಿಚ್ಚದೆ ಪಟ್ಟಿಯ ದೊಡ್ಡ ಭಾಗ ಹೊರಗೆ ಹೋಯಿತು. ದೀಪ ಸುಮ್ಮನಿದ್ದರೆ ಅದರಿಂದಲೇ ಏನೂ ಸಾಬೀತಾಗುವುದಿಲ್ಲ, ಮುಂದಿನ ಪರೀಕ್ಷೆಗೆ ಹೋಗಬೇಕು.

ಕೋಗಿಲಬನದ ಹುಡುಗನನ್ನು ವಾರದ ನಂತರ ಇದನ್ನೇ ಕೇಳಿದೆ. "ಹೌದ್ರಿ ಸರ, ನಮ್ ಲಾಕ್ ಲೈಟ್ ಹತ್ತತಿತ್ತು, ಆರತಿತ್ತು" ಎಂದ. ಸಾಕ್ಷಿ ಅಂದೇ ಮೇಜಿನ ಮೇಲಿತ್ತು.

ಪರದೆ ಕಪ್ಪಾಗಿದ್ದರೆ

ಹೊಸ ಕಂಪ್ಯೂಟರುಗಳಲ್ಲಿ ಅತಿ ಹೆಚ್ಚು ಬರುವ ದೂರು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲು ಮಾನಿಟರ್. ಅದರಲ್ಲಿ ಎಚ್‌ಡಿಎಂಐ, ವಿಜಿಎ ಎರಡೂ ಇದ್ದರೆ ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ. ನಗಬೇಡಿ, ನಮ್ಮ ಸಿಬ್ಬಂದಿ ಕೋಣೆಯಲ್ಲೇ ಇದು ಆಗಿದೆ.

ಎರಡನೆಯದು ಪ್ರೊಸೆಸರಿನ ಪೂರ್ತಿ ಹೆಸರು. ಇಂಟೆಲ್ಲಿನ 'ಎಫ್' ಬಗ್ಗೆ ಹೇಳಿದೆ. ಎಎಂಡಿಯ ಎಎಂ4 ಸಾಕೆಟ್ಟಿನ ರೈಜೆನ್‌ಗಳಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ 'ಜಿ' ಇದ್ದವಕ್ಕೆ ಮಾತ್ರ ಒಳಗೆ ಗ್ರಾಫಿಕ್ಸ್ ಇರುತ್ತದೆ. ಹೊಸ ಎಎಂ5 ಸಾಕೆಟ್ಟಿನ ರೈಜೆನ್ 7000 ಸರಣಿಯಲ್ಲಿ ಬಹುತೇಕ ಎಲ್ಲದರಲ್ಲೂ ಸಣ್ಣ ಗ್ರಾಫಿಕ್ಸ್ ಇದೆ, ಅಲ್ಲಿಯೂ 'ಎಫ್' ಇದ್ದರೆ ಇಲ್ಲ. ಇದು ಕೊಳ್ಳುವ ಮೊದಲೇ ನೋಡಬೇಕಾದದ್ದು. ಹುಬ್ಬಳ್ಳಿಗೆ ಹೋಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಲಿ, ಬಿಲ್ಲಿನಲ್ಲಿ ಪೂರ್ತಿ ಮಾದರಿ ಸಂಖ್ಯೆ ಬರೆಸಿಕೊಳ್ಳಿ. 'ಐ3 ಪ್ರೊಸೆಸರ್' ಎಂದಷ್ಟೇ ಬರೆದರೆ ನಾಳೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮೂರನೆಯದು ಪ್ರೊಸೆಸರಿನ ವಿದ್ಯುತ್ತು. 24 ಪಿನ್ನಿನ ಕನೆಕ್ಟರ್ ಹಾಕಿದವರು ಬೋರ್ಡಿನ ಮೇಲ್ಮೂಲೆಯ 8 ಪಿನ್ನಿನ ಕನೆಕ್ಟರ್ ಮರೆಯುತ್ತಾರೆ. ಆಗ ಫ್ಯಾನುಗಳು ಚೆಂದವಾಗಿ ತಿರುಗುತ್ತವೆ, ಪ್ರೊಸೆಸರ್ ಮಾತ್ರ ಹಸಿದು ಕೂತಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರ್ ನೋಡಲು ಇದೇ ಥರ ಇರುತ್ತದೆ, ಆದರೆ ಒಳಗಿನ ಆಕಾರವೂ ತಂತಿಗಳ ಜೋಡಣೆಯೂ ಬೇರೆ. ಬಲ ಹಾಕಿ ತುರುಕಬೇಡಿ.

ನಾಲ್ಕನೆಯದು ರ‍್ಯಾಮ್. ಎರಡೂ ತುದಿ ಕ್ಲಿಕ್ ಎನ್ನುವ ತನಕ ಒತ್ತಬೇಕು. ಹೊಸಬರು ಬೋರ್ಡ್ ಮುರಿದೀತೆಂದು ಹೆದರಿ ಅರ್ಧಕ್ಕೆ ಬಿಡುತ್ತಾರೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಒಂದೇ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟ್. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ನಮ್ಮ ಕಡೆ ಕಂಪ್ಯೂಟರ್ ಬಲ್ಲವರೆಲ್ಲ ಕೊಡುವ ಸಲಹೆ, 'ರ‍್ಯಾಮನ್ನು ರಬ್ಬರಿನಿಂದ ಉಜ್ಜು'. ಹತ್ತು ವರ್ಷ ಹಳೆಯ ಯಂತ್ರಕ್ಕೆ ಅದು ಸರಿ ಇರಬಹುದು. ನಿನ್ನೆ ಪೆಟ್ಟಿಗೆಯಿಂದ ತೆಗೆದ ರ‍್ಯಾಮಿಗೆ ಅದು ಬೇಡ. ಮೇಲಿನ ಚಿನ್ನದ ತೆಳು ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ.

ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳ ಬಗ್ಗೆ ಒಂದು ಮಾತು. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮಿಗೆ ತಕ್ಕ ವೇಗ, ಸಮಯಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು, ಆಗೆಲ್ಲ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ. ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಟ್ಟು ಚಹಾ ಕುಡಿದು ಬನ್ನಿ.

ಇಷ್ಟಾದರೂ ಬರದಿದ್ದರೆ ಬಯೋಸ್ ಆವೃತ್ತಿ. ಪ್ರೊಸೆಸರಿಗಿಂತ ಮೊದಲು ತಯಾರಾದ ಬೋರ್ಡಿಗೆ ಆ ಪ್ರೊಸೆಸರಿನ ಪರಿಚಯ ಇರುವುದಿಲ್ಲ. ಎಚ್610 ಬೋರ್ಡುಗಳು 12ನೇ ತಲೆಮಾರಿನ ಜೊತೆ ಬಂದವು; 13ನೆಯದಕ್ಕೆ ಬಯೋಸ್ ಅಪ್‌ಡೇಟ್ ಬೇಕಾಗಬಹುದು. ಬಿ450 ಬೋರ್ಡಿಗೆ ರೈಜೆನ್ 5000 ಹಾಕುವವರ ಕಥೆಯೂ ಇದೇ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಹಾಕುವ ಬಟನ್ ಇರುತ್ತದೆ. ಇಲ್ಲದಿದ್ದರೆ ಅಂಗಡಿಯವರಿಂದಲೇ ಅಪ್‌ಡೇಟ್ ಮಾಡಿಸಿ ತರುವುದು ಒಳ್ಳೆಯದು, ಹುಬ್ಬಳ್ಳಿಗೆ ಎರಡನೇ ಬಸ್ ಚಾರ್ಜ್ ಉಳಿಯುತ್ತದೆ.

ಹತ್ತುವುದೇ ಇಲ್ಲ, ಅಥವಾ ಹತ್ತಿ ಆರುತ್ತದೆ

ಏನೂ ಆಗದಿದ್ದರೆ ಮೊದಲು ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ನಂತರ ಕ್ಯಾಬಿನೆಟ್ ಬಟನ್ನಿನ ಸಣ್ಣ ವೈರ್; ಅದನ್ನು ಒಂದು ಪಿನ್ ಆಚೆ ಹಾಕಿರುವುದೇ ಹೆಚ್ಚು. ಆ ವೈರ್ ತೆಗೆದು, ಪವರ್ ಸ್ವಿಚ್‌ನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಮುಟ್ಟಿಸಿದರೆ ಯಂತ್ರ ಹತ್ತಬೇಕು. ಹತ್ತಿದರೆ ದೋಷ ಬಟನ್ನಿನದು. ಆ ಪಿನ್ನುಗಳಲ್ಲಿ ಇರುವುದು ಅಲ್ಪ ವೋಲ್ಟ್, ಭಯವಿಲ್ಲ. ಆದರೆ ಕೈಪಿಡಿಯ ಚಿತ್ರ ನೋಡಿ ಸರಿಯಾದ ಜೋಡಿಯನ್ನೇ ಮುಟ್ಟಿಸಿ.

ಎಸ್‌ಎಂಪಿಎಸ್ ಮೇಲೆಯೇ ಅನುಮಾನವಿದ್ದರೆ ಮಲ್ಟಿಮೀಟರಿನಿಂದ ಅಳೆಯಬಹುದು. 12 ವೋಲ್ಟಿನ ಲೈನ್ 11.4ರಿಂದ 12.6ರ ಒಳಗೆ, 5ರ ಲೈನ್ 4.75ರಿಂದ 5.25ರ ಒಳಗೆ ಇರಬೇಕು, ಅಂದರೆ ಶೇಕಡಾ 5ರ ಆಚೀಚೆ. ಈ ಅಳತೆಯನ್ನು ನನ್ನ ಅಥವಾ ಫಿಸಿಕ್ಸ್ ಲ್ಯಾಬಿನವರ ಎದುರಿಗೆ ಮಾತ್ರ ಮಾಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಬೇಡಿ. 230 ವೋಲ್ಟ್ ಎಂಬುದು ಆರ್‌ಎಂಎಸ್ ಬೆಲೆ. ಅದರ ಶಿಖರ ಬೆಲೆ 230ನ್ನು 1.414ರಿಂದ ಗುಣಿಸಿದಷ್ಟು, ಸುಮಾರು 325 ವೋಲ್ಟ್. ಒಳಗಿನ ದೊಡ್ಡ ಕೆಪಾಸಿಟರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚನ್ನು ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ.

ಅರ್ಧ ಸೆಕೆಂಡ್ ಹತ್ತಿ ಆರಿದರೆ ಎಲ್ಲೋ ಶಾರ್ಟ್ ಆಗಿರಬಹುದು. ಕ್ಯಾಬಿನೆಟ್ಟಿನ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಒಂದು ಹೆಚ್ಚಾಗಿ ಉಳಿದು ಬೋರ್ಡಿನ ಬೆನ್ನಿಗೆ ತಾಗುತ್ತಿರಬಹುದು, ಇಲ್ಲವೇ ಬಿದ್ದ ಸ್ಕ್ರೂ ಒಂದು ಅಡಿಯಲ್ಲಿ ಅಡಗಿರಬಹುದು. ಆಗ ಬೋರ್ಡನ್ನು ಹೊರಗೆ ತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಇಷ್ಟರಿಂದಲೇ ಹತ್ತಿಸಿ ನೋಡಿ. ಬೋರ್ಡಿನ ಜೊತೆ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಬೇಡಿ, ಅದರ ಮೈ ವಿದ್ಯುತ್ತನ್ನು ಹರಿಯಬಿಡಬಹುದು. ಹೊರಗೆ ಹತ್ತಿ ಒಳಗೆ ಹತ್ತದಿದ್ದರೆ ಕ್ಯಾಬಿನೆಟ್ಟೇ ಅಪರಾಧಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತು ಪ್ರತಿಯೊಂದನ್ನೂ ಕಾಗದದಲ್ಲಿ ಬರೆಯಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಯಾದರೂ ಏಕೆ ಸರಿಯಾಯಿತೆಂದು ನಿಮಗೆ ತಿಳಿಯುವುದಿಲ್ಲ.

ಕೆಲವು ನಿಮಿಷ ಓಡಿ ನಿಂತರೆ ಕೂಲರ್ ನೋಡಿ. ತಳದ ಪ್ಲಾಸ್ಟಿಕ್ ಹಾಳೆ ಕೀಳದೆ ಹಾಕಿದವರನ್ನು ಕಂಡಿದ್ದೇನೆ. ಇಂಟೆಲ್ ಕೂಲರಿನ ನಾಲ್ಕು ಪಿನ್ನುಗಳಲ್ಲಿ ಒಂದು ಸಡಿಲವಾದರೂ ಸಾಕು, ಬಯೋಸ್ ಪರದೆಯಲ್ಲಿ ಉಷ್ಣಾಂಶ ಏರುವುದು ಕಣ್ಣೆದುರೇ ಕಾಣುತ್ತದೆ.

ನಮ್ಮ ಊರಿನ ಮಳೆಗಾಲಕ್ಕೆ ಒಂದು ಹೆಚ್ಚಿನ ಮಾತು. ಬಸ್ಸಿನಲ್ಲಿ ಮಳೆಯಲ್ಲಿ ತಂದ ಭಾಗಗಳನ್ನು ಅಂದೇ ಜೋಡಿಸಬೇಡಿ, ಒಣ ಕೋಣೆಯಲ್ಲಿ ಒಂದು ರಾತ್ರಿ ಬಿಡಿ. ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳಿರುವ ಸಂಜೆಯಲ್ಲಿ ಕ್ಯಾಬಿನೆಟ್ ತೆರೆದಿಡಬೇಡಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಕ್ಕ ಪತಂಗವನ್ನು ಅಲ್ಲಿಯವರು ಲಾಗ್ ಪುಸ್ತಕಕ್ಕೆ ಅಂಟಿಸಿಟ್ಟರು. ನಾವು ಅಂಟಿಸಲು ಹೊರಟರೆ ಜೂನ್ ತಿಂಗಳಿಗೇ ಒಂದು ಪುಸ್ತಕ ಬೇಕಾದೀತು.

ಪಿನ್ನುಗಳ ವಿಷಯ

ಎಲ್‌ಜಿಎ 1700 ಎಂಬ ಸಾಕೆಟ್ಟಿನಲ್ಲಿ ಹೆಸರೇ ಹೇಳುವಂತೆ 1700 ಸಂಪರ್ಕ ಬಿಂದುಗಳು. ಪಿನ್ನುಗಳಿರುವುದು ಮದರ್‌ಬೋರ್ಡಿನಲ್ಲಿ, ಪ್ರೊಸೆಸರಿನ ತಳ ಚಪ್ಪಟೆ. ಎಎಂ4ನಲ್ಲಿ ಇದು ತಿರುಗುಮುರುಗು, ಪಿನ್ನುಗಳು ಪ್ರೊಸೆಸರಿನಲ್ಲಿ. ಪಿನ್ ಬಾಗಿದರೆ ಅದು ಬಳಸಿದವರ ತಪ್ಪೆಂದು ವಾರಂಟಿ ಕೈಬಿಡುತ್ತದೆ. ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ; ಬೋರ್ಡ್ ವಾಪಸ್ ಕಳಿಸುವಾಗ ಅದು ಬೇಕು.

ನಮ್ಮ ಹುಡುಗನ ಬೋರ್ಡನ್ನು ಊರಿನ ಒಬ್ಬ ಮೊಬೈಲ್ ರಿಪೇರಿಯವರ ಬಳಿ ಒಯ್ದೆವು. ಅವರು ಮೈಕ್ರೋಸ್ಕೋಪಿನ ಕೆಳಗಿಟ್ಟು ಸೂಜಿಮೊನೆಯ ಚಿಮುಟದಿಂದ ಒಂದೊಂದೇ ಪಿನ್ ಎತ್ತಿ ನೆಟ್ಟಗೆ ಮಾಡಿದರು. ಒಂದು ತಾಸು ಹಿಡಿಯಿತು, ಹಣ ತೆಗೆದುಕೊಳ್ಳಲಿಲ್ಲ. ಲ್ಯಾಬಿನ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿ ಹತ್ತಿಸಿದಾಗ ಪರದೆ ಬೆಳಗಿತು. ರ‍್ಯಾಮ್ 8 ಜಿಬಿ ಎಂದು ತೋರಿಸಿತು. ಅವನು ತಂದದ್ದು ಎಂಟೆಂಟರ ಎರಡು. ಎರಡನೇ ಸ್ಲಾಟ್ ಇನ್ನು ಮುಂದೆ ಕೆಲಸ ಮಾಡುವುದಿಲ್ಲ. ಯಂತ್ರ ಈಗಲೂ ಹಾಗೆಯೇ ಓಡುತ್ತಿದೆ, ಅವನ ಬಿಸಿಎ ಪ್ರೋಗ್ರಾಮುಗಳೆಲ್ಲ ಅದರಲ್ಲೇ. ಹೆಚ್ಚಾದ ಇನ್ನೊಂದು ರ‍್ಯಾಮನ್ನು ಪರೀಕ್ಷೆಗೆ ಬೇಕಾಗುತ್ತದೆಂದು ಅವನು ಲ್ಯಾಬಿಗೆ ಕೊಟ್ಟು ಹೋದ. ಬೇಡವೆಂದೆ, ಕೇಳಲಿಲ್ಲ.

ಆ ರ‍್ಯಾಮ್, ಒಂದು ಮಲ್ಟಿಮೀಟರ್, ಬೀಪ್ ಸ್ಪೀಕರ್, ಒಂದು ಹೆಚ್ಚುವರಿ ಎಸ್‌ಎಂಪಿಎಸ್ ಮತ್ತು ಆ ಗ್ರಾಫಿಕ್ಸ್ ಕಾರ್ಡ್ ಲ್ಯಾಬಿನ ಕಪಾಟಿನ ಕೆಳಗಿನ ಅಂಕಣದಲ್ಲಿವೆ. ಬೇಕಾದವರು ರಿಜಿಸ್ಟರಿನಲ್ಲಿ ಹೆಸರು ಬರೆದು ಒಯ್ಯಬಹುದು. ಹೊಸ ಯಂತ್ರ ಜೋಡಿಸುವವರು ಮೊದಲ ಸಲ ಹತ್ತಿಸುವ ಮುನ್ನ ನನಗೆ ಫೋನ್ ಮಾಡಿ, ಪ್ರೊಸೆಸರಿನ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾಡಿ.